ಮಗ್ರಿಬ್ ಬಾಂಗಿಗೆ ಕೂತು ಇಶಾ ಬಾಂಗಿಗೆ ಎದ್ದೆ

ನಮಾಝ್ ಸರಿಯಾಯಿತೋ ಇಲ್ಲವೋ ಅಂತ ಬಿಡದೆ ಕಾಡುತ್ತಿದ್ದ ಅನುಮಾನಕ್ಕೆ ಪಡೆಯುತ್ತಿದ್ದ ಚಿಕಿತ್ಸೆಯ ಕೊನೆಯ ಸೆಷನ್ ಹೋದ ವಾರ ಮುಗಿಯಿತು. ಒಟ್ಟು 22 ವಾರ. ಸೈಕಾಲಜಿಸ್ಟ್ ಮೇಡಂ ಫೈಲ್ ಮುಚ್ಚಿಟ್ಟು, “ಇನ್ನು ಬೇಕು ಅನಿಸಿದರೆ ಮಾತ್ರ ಬನ್ನಿ” ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಖುಷಿ ಆಗಬೇಕಿತ್ತು, ಆದದ್ದು ಸುಸ್ತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿ ಎಡವುತ್ತೀರಿ, ಇಲ್ಲಿ ಕಾಯಬೇಕಾಗುತ್ತೆ ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು. ನಾನು ಆಲಿಮಾ (ಧರ್ಮ ಪಂಡಿತೆ) ಅಲ್ಲ, ಡಾಕ್ಟರೂ ಅಲ್ಲ. ನನಗೆ ಆದದ್ದನ್ನು ಹೇಳಬಲ್ಲೆ, ಅಷ್ಟೆ.

ನನ್ನ ಕೆಲಸ ಕರಡು ತಿದ್ದುವುದು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದ್ದಕ್ಕೇ ಸಂಬಳ. ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ, ಬಿಟ್ಟುಹೋದ ಒತ್ತು, ಒಂದು ಸ್ಪೇಸ್ ಜಾಸ್ತಿ ಬಿದ್ದಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಮೇಜಿನ ಮೇಲ್ಗಡೆ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದೆ: ‘ಅಲ್ಲಾಹನು ಪ್ರತಿಯೊಂದರಲ್ಲೂ ಇಹ್ಸಾನ್ ವಿಧಿಸಿದ್ದಾನೆ.’ ಹದೀಸ್, ಅಂದರೆ ಪ್ರವಾದಿ ಮುಹಮ್ಮದರ(ಸ) ಮಾತು. ಇಹ್ಸಾನ್ ಅಂದರೆ ಯಾವುದನ್ನೇ ಮಾಡಿದರೂ ಚೆನ್ನಾಗಿ, ಸುಂದರವಾಗಿ ಮಾಡುವುದು. ನಾನು ಅದನ್ನು ‘ಒಂದು ತಪ್ಪೂ ಇರಕೂಡದು’ ಅಂತ ಓದಿಕೊಂಡೆ. ಒಂದು ಪುಟವನ್ನು ಏಳು ಸಲ ನೋಡುವುದು ನನಗೆ ಕೆಲಸ ಅನಿಸುತ್ತಿರಲಿಲ್ಲ, ಇಬಾದತ್ (ಆರಾಧನೆ) ಅನಿಸುತ್ತಿತ್ತು. ಯಾರಾದರೂ “ಸಾಕು ಕೊಡಮ್ಮಾ” ಅಂದರೆ ಒಳಗೊಳಗೇ ಅವರ ಬಗ್ಗೆ ಕನಿಕರ ಪಡುತ್ತಿದ್ದೆ. ದೀನ್ (ಧರ್ಮ) ಗೊತ್ತಿಲ್ಲ ಪಾಪ, ಅಂತ!

ಆ ಕಣ್ಣು ಕೆಲಸದ ಮೇಜಿನಿಂದ ಎದ್ದು ನಮಾಝಿನ ಚಾಪೆಗೆ ಯಾವಾಗ ಬಂತೋ ಗೊತ್ತಾಗಲಿಲ್ಲ. ಮೊದಲು ಹಿಡಿದದ್ದು, ನಮಾಝಿನಲ್ಲಿ ಓದುವ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾದ ಕೊನೆಯ ಪದ. ಅದರಲ್ಲಿ ದ್ವಾದ್ ಎಂಬ ಅರಬಿ ಅಕ್ಷರ ಇದೆ. ನಾಲಗೆಯ ಬದಿ ಮೇಲಿನ ದವಡೆ ಹಲ್ಲಿಗೆ ತಾಗಿ ಬರಬೇಕಾದ ಸದ್ದು, ಕನ್ನಡದಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಸರಿ ಬಂತಾ? ಇನ್ನೊಂದು ಸಲ. ಆಮೇಲೆ ತಕ್ಬೀರ್. ಯಾವ ನಮಾಝ್ ಎಂಬ ನಿಯ್ಯತ್ (ಸಂಕಲ್ಪ) ಮನಸ್ಸಲ್ಲಿ ಇರುವಾಗಲೇ ‘ಅಲ್ಲಾಹು ಅಕ್ಬರ್’ ಅನ್ನಬೇಕು ಅಲ್ವಾ? ನಿಯ್ಯತ್ ಒಂದು ಕ್ಷಣ ಹಿಂದೆ ಉಳಿಯಿತೇನೋ ಅನ್ನುವ ಅನುಮಾನ. ಕೈ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಒಂದು ಸುಬುಹಿಯಲ್ಲಿ (ಬೆಳಗಿನ ನಮಾಝಿನಲ್ಲಿ) 11 ಸಲ ಎತ್ತಿದ್ದು ಲೆಕ್ಕವಿದೆ. ಎರಡು ರಕಅತ್, ಅಂದರೆ ಎರಡು ಸುತ್ತಿನ, ನಮಾಝಿಗೆ 40 ನಿಮಿಷ.

ಕೊನೆಗೆ ವುಝೂ, ಅಂದರೆ ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯುವುದು. ಮೊಣಕೈ ಒದ್ದೆಯಾಯಿತಾ, ಬೆರಳ ಸಂದಿಗೆ ನೀರು ಹೋಯಿತಾ, ಹಿಮ್ಮಡಿಯ ಹಿಂದೆ ಒಂದು ಚುಕ್ಕೆ ಒಣಗಿ ಉಳಿದಿದೆಯಾ. ಹಿಮ್ಮಡಿ ಒಣಗಿ ಉಳಿದವರಿಗೆ ಎಚ್ಚರಿಕೆ ಇರುವ ಹದೀಸ್ ಇದೆ, ಅದು ನಿಜ. ಆದರೆ ನಾನು ಹಿಮ್ಮಡಿಯನ್ನು ಟಾರ್ಚ್ ಹಾಕಿ ನೋಡುತ್ತಿದ್ದೆ.

ಒಂದು ಸಂಜೆ ಮಗ್ರಿಬ್ (ಸೂರ್ಯ ಮುಳುಗಿದಾಗಿನ ನಮಾಝ್) ಬಾಂಗ್ ಆಗುವಾಗ ನಲ್ಲಿ ತಿರುಗಿಸಿ ಕೂತೆ. ಬಲಗೈ ಮುಗಿಸಿ ಎಡಗೈಗೆ ಹೋದರೆ ಬಲಗೈ ನೆನಪಾಗುತ್ತದೆ. ಕಾಲಿಗೆ ಬಂದರೆ ಮುಖ ನೆನಪಾಗುತ್ತದೆ. ಮೊದಲಿಂದ ಶುರು. ಬೆರಳ ತುದಿ ಬಿಳಚಿಕೊಂಡು ಸುಕ್ಕಾಗಿತ್ತು. ಹೊರಗಿಂದ ಇನ್ನೊಂದು ಬಾಂಗ್ ಕೇಳಿಸಿತು. ಯಾವುದೋ ದೂರದ ಮಸೀದಿಯಲ್ಲಿ ತಡವಾಗಿ ಮಗ್ರಿಬ್ ಕೊಡುತ್ತಿದ್ದಾರೆ ಅಂದುಕೊಂಡೆ. ಗಡಿಯಾರ ನೋಡಿದರೆ ಇಶಾ, ರಾತ್ರಿಯ ನಮಾಝಿನ ಹೊತ್ತು. ಮಗ್ರಿಬ್ ಕೈಬಿಟ್ಟುಹೋಗಿತ್ತು. ನಮಾಝ್ ಚೆನ್ನಾಗಿ ಆಗಲಿ ಅಂತ ತೊಳೆಯುತ್ತಾ ಕೂತು ನಮಾಝನ್ನೇ ಕಳೆದುಕೊಂಡಿದ್ದೆ. ನಲ್ಲಿ ನಿಲ್ಲಿಸದೆ ಅಲ್ಲೇ ಅತ್ತೆ. ನಮ್ಮವರು ಬಂದು ನಲ್ಲಿ ನಿಲ್ಲಿಸಿದರು, ಏನೂ ಕೇಳಲಿಲ್ಲ.

ಮರುದಿನ ದೀನಿನ ವಿಷಯ ಚೆನ್ನಾಗಿ ತಿಳಿದ ಒಬ್ಬರನ್ನು ಫೋನಿನಲ್ಲಿ ಕೇಳಿದೆ: “ವುಝೂ ಪೂರ್ತಿ ಆಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಏನು ಮಾಡಬೇಕು?” “ಅನುಮಾನ ಇದ್ದರೆ ಇನ್ನೊಮ್ಮೆ ಮಾಡಿಬಿಡಿ, ಜಾಗ್ರತೆ ಒಳ್ಳೆಯದಲ್ವಾ” ಅಂದರು. ಅವರದು ತಪ್ಪಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ಈ ದಾರಿಯಲ್ಲಿರುವವರು ದಯವಿಟ್ಟು ಇದನ್ನು ಗಮನಿಸಿ. ಮಸ್‌ಅಲಾ (ಧರ್ಮದ ನಿಯಮ) ಕೇಳುವಾಗ “ಅನುಮಾನ ಬಂದರೆ ಏನು” ಅಂತ ಕೇಳಬೇಡಿ. “ದಿನಕ್ಕೆ 40 ಸಲ ಅನುಮಾನ ಬರುತ್ತೆ, ಏನು ಮಾಡಲಿ” ಅಂತ ಕೇಳಿ. ಯಾವಾಗಲೋ ಒಮ್ಮೆ ಅನುಮಾನ ಬರುವವರಿಗೆ ಇರುವ ಉತ್ತರ ಬೇರೆ, ವಸ್‌ವಾಸ್ (ಬಿಡದೆ ಕಾಡುವ ಅನುಮಾನ) ಹಿಡಿದವರಿಗೆ ಇರುವ ಉತ್ತರ ಬೇರೆ. ಆ ಒಂದು ವಾಕ್ಯ ಮುಚ್ಚಿಟ್ಟಿದ್ದಕ್ಕೆ ನನಗೆ ಇನ್ನೂ ಐದು ತಿಂಗಳು ಹೋಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಫತ್ವಾ ಹುಡುಕುವುದು. ಒಂದರಲ್ಲಿ ಸಮಾಧಾನ, ಇನ್ನೊಂದರಲ್ಲಿ ಹೊಸ ಅನುಮಾನ. ಅಲ್ಲಿಯವರೆಗೆ ನನಗೆ ಹೊಳೆಯದೇ ಇದ್ದ ಅನುಮಾನಗಳೂ ಅಲ್ಲಿ ಸಿಕ್ಕವು!

ಅಷ್ಟರಲ್ಲಿ ಕೆಲಸದಲ್ಲೂ ಏಟು ಬಿತ್ತು. ಗಡುವು ದಾಟಿದ ಎರಡು ಪುಸ್ತಕ ಬೇರೆಯವರ ಕೈಗೆ ಹೋದವು. ಒಂದರಲ್ಲಿ ನಾನು ಕೊನೆಯ ಎಂಟು ಪುಟದ ಹತ್ತಿರ ಮೂರು ವಾರ ನಿಂತಿದ್ದೆ.

ಆಮೇಲೆ ನಮ್ಮವರು ನನ್ನನ್ನು ಕರೆದುಕೊಂಡು ಹೋದದ್ದು, ಚಿಕ್ಕಂದಿನಲ್ಲಿ ನನಗೆ ಅಲಿಫ್ ಬಾ ಕಲಿಸಿದ ಉಸ್ತಾದರ ಹತ್ತಿರ. ಈಗ ವಯಸ್ಸಾಗಿದೆ, ಕಣ್ಣು ಮಂಜು. ನಾನು ಎರಡು ಹಾಳೆ ತುಂಬ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಅವರು ಹಾಳೆ ತೆಗೆದುಕೊಂಡು ಓದದೆ ಮಡಚಿ ಪಕ್ಕಕ್ಕಿಟ್ಟರು.

“ಮನೆ ಬೀಗ ಹಾಕಿ ಹೊರಟ ಮೇಲೆ ಎಷ್ಟು ಸಲ ವಾಪಸ್ ಬಂದು ನೋಡ್ತೀಯ ಮಗಳೇ?”

ನಾನು ನಮ್ಮವರ ಮುಖ ನೋಡಿದೆ. ಅವರು, “ನಾಲ್ಕೈದು ಸಲ ಉಸ್ತಾದ್” ಅಂದರು.

“ಹಾಗಾದ್ರೆ ಇದು ತಖ್ವಾ ಅಲ್ಲ. ತಖ್ವಾಕ್ಕೆ ಬೀಗದ ಹತ್ತಿರ ಏನು ಕೆಲಸ?”

ಎಷ್ಟು ವರ್ಷದಿಂದ ನಾನು ಇದನ್ನು ದೇವಭಯ ಅಂತ ಸಾಕಿಕೊಂಡಿದ್ದೆ! ಒಂದೇ ಮಾತಿನಲ್ಲಿ ಅದರ ಬುರ್ಖಾ ಜಾರಿಬಿತ್ತು. ಅವರು ಇನ್ನೊಂದು ಮಾತು ಹೇಳಿದರು. ದೇಹಕ್ಕೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತೆ, ಎರಡಕ್ಕೂ ಮದ್ದಿದೆ ಅಂತ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿದ್ದಾರೆ, ವಸ್‌ವಾಸ್ ಬಗ್ಗೆ ಬೇರೆಯಾಗಿಯೇ ಬರೆದಿದ್ದಾರೆ ಅಂತ. ಬಲ್ಖೀ ತೀರಿಕೊಂಡದ್ದು ಕ್ರಿ.ಶ. 934ರಲ್ಲಿ. ಆಮೇಲೆ ಉಸ್ತಾದರು ಒಂದು ಚೀಟಿ ಬರೆದುಕೊಟ್ಟರು. ನಾಲ್ಕೇ ಸಾಲು. ವುಝೂವಿನಲ್ಲಿ ಒಂದು ಸಲ ತೊಳೆದರೂ ಆಯಿತು, ಮೂರು ಸಲ ಮಿತಿ, ನಾಲ್ಕನೆಯದು ಇಲ್ಲ. ತಕ್ಬೀರ್ ಒಂದೇ. ಫಾತಿಹಾದಲ್ಲಿ ಹಿಂದಕ್ಕೆ ಹೋಗುವ ಹಾಗಿಲ್ಲ. ಸಲಾಂ ಕೊಟ್ಟು ನಮಾಝ್ ಮುಗಿಸಿದ ಮೇಲೆ ಬರುವ ಅನುಮಾನಕ್ಕೆ ಬೆಲೆ ಇಲ್ಲ. ಕೆಳಗೆ ಸಹಿ, ತಾರೀಖು.

“ಇದನ್ನು ಹಿಡ್ಕೊಂಡು ಡಾಕ್ಟರ ಹತ್ರ ಹೋಗು. ನಾನೊಬ್ಬನೇ ಸಾಕಾಗಲ್ಲ.”

ಡಾಕ್ಟರ ಹತ್ತಿರ ಹೋಗಲು ನನಗೆ ಎರಡು ಹೆದರಿಕೆ. ಒಂದು, ಈಮಾನ್ (ವಿಶ್ವಾಸ) ಕಮ್ಮಿ ಆಗಿದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಇನ್ನೊಂದು, ಅವರು ‘ನಮಾಝ್ ಬಿಟ್ಟುಬಿಡಿ’ ಅಂದುಬಿಟ್ಟರೆ? ಎರಡೂ ಸುಳ್ಳಾಯಿತು. ಆದರೆ ಅಪಾಯಿಂಟ್‌ಮೆಂಟ್ ಸಿಗಲು ಆರು ವಾರ ಕಾಯಬೇಕಾಯಿತು. ಆ ಆರು ವಾರ ತುಂಬ ಕೆಟ್ಟದಾಗಿತ್ತು. ಹೆಸರಿಟ್ಟು ಕರೆದ ಮೇಲೆ ಕಾಯಿಲೆ ಜಾಸ್ತಿ ಕಾಣಿಸುತ್ತದೆ. ನೀವೂ ಕಾಯಬೇಕಾಗಿ ಬಂದರೆ ಸುಮ್ನೆ ಕೂರಬೇಡಿ, ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ, ಯಾವ ಅನುಮಾನ, ಎಷ್ಟು ಸಲ ಮಾಡಿದಿರಿ, ಎಷ್ಟು ನಿಮಿಷ ಹೋಯಿತು. ಇಷ್ಟೇ ಸಾಕು. ಮೊದಲ ದಿನ ಅವರು ಕೇಳುವುದೂ ಇದನ್ನೇ. ಫೀಸ್ ಎಷ್ಟು, ಸುಮಾರು ಎಷ್ಟು ಸೆಷನ್ ಆಗಬಹುದು ಅಂತಲೂ ಮೊದಲೇ ಕೇಳಿಕೊಳ್ಳಿ, ಸಂಕೋಚ ಬೇಡ. ನಾವು ಕೇಳಲಿಲ್ಲ. ಮೂರನೇ ತಿಂಗಳಿಗೆ ಮನೆ ಲೆಕ್ಕ ಏರುಪೇರಾಗಿ, ವಾರಕ್ಕೊಂದು ಇದ್ದದ್ದನ್ನು ಹದಿನೈದು ದಿನಕ್ಕೊಂದು ಮಾಡಿಕೊಂಡೆವು.

ಮೊದಲ ಸೆಷನ್‌ನಲ್ಲಿ ಒಂದು ಫಾರಂ ತುಂಬಿಸಿದರು. ಯೇಲ್-ಬ್ರೌನ್ ಅಂತ ಹೆಸರು, ಹತ್ತು ಪ್ರಶ್ನೆ, ಒಟ್ಟು 40 ಅಂಕ. ನನಗೆ 27 ಬಂತು. “ಇದು ಓಸಿಡಿ, ತೀವ್ರ ಮಟ್ಟದ್ದು” ಅಂದರು ಮೇಡಂ. ಬೇಡದ ಅನುಮಾನ ಪದೇ ಪದೇ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದು ನನಗೆ ಬೇಜಾರಾದದ್ದು ಅದೇ ಮೊದಲು. ಅವರು ಮುಸ್ಲಿಂ ಅಲ್ಲ. ಆದರೆ ಅವರು ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಧರ್ಮದ ಪ್ರಕಾರ ಕನಿಷ್ಠ ಎಷ್ಟು ಮಾಡಿದರೆ ಸಾಕು? ನಾನು ಅದಕ್ಕಿಂತ ಕಡಿಮೆ ಮಾಡಿಸುವುದಿಲ್ಲ, ಜಾಸ್ತಿಗೂ ಬಿಡುವುದಿಲ್ಲ.” ಉಸ್ತಾದರ ಚೀಟಿ ಮೇಜಿನ ಮೇಲಿಟ್ಟೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಅದರ ಜೆರಾಕ್ಸ್ ತೆಗೆದು ಫೈಲಿಗೆ ಹಾಕಿಕೊಂಡರು. ಹಾಗಾಗಿ ಹೇಳುತ್ತೇನೆ, ಹೋಗುವ ಮೊದಲು ನಿಮ್ಮ ಉಸ್ತಾದರಿಂದಲೋ ಮೌಲಾನಾರಿಂದಲೋ ಇಂಥ ಚೀಟಿ ಬರೆಸಿಕೊಳ್ಳಿ. ಮಝ್‌ಹಬ್ (ಇಸ್ಲಾಮಿನ ಕಾನೂನಿನ ಪಂಥ) ಪ್ರಕಾರ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ನಿಮ್ಮದು ಯಾವುದೋ ಅದರಲ್ಲಿ, ಒಬ್ಬರಿಂದ ಮಾತ್ರ ಬರೆಸಿಕೊಳ್ಳಿ. ಇಬ್ಬರನ್ನು ಕೇಳಿದಿರೋ, ಮತ್ತೆ ಹಳೇ ಕಥೆ.

ಸೈಕಿಯಾಟ್ರಿಸ್ಟ್ ಮಾತ್ರೆಯನ್ನೂ ಬರೆದರು. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕಾಗಬಹುದು, ನೀವಾಗಿಯೇ ನಿಲ್ಲಿಸಬೇಡಿ ಅಂದರು. ‘ಚಿಕಿತ್ಸೆ ಮಾಡಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಟ್ಟಿಲ್ಲ’ ಎಂಬ ಹದೀಸ್ ನೆನೆದು ನುಂಗಿದೆ. ಮೊದಲ ಹತ್ತು ದಿನ ಹೊಟ್ಟೆ ತೊಳಸುತ್ತಿತ್ತು, ಆಮೇಲೆ ಸರಿಹೋಯಿತು.

ನಿಜವಾದ ಚಿಕಿತ್ಸೆ ಅಂದರೆ ಇಆರ್‌ಪಿ (ಎಕ್ಸ್‌ಪೋಶರ್ ಆ್ಯಂಡ್ ರೆಸ್ಪಾನ್ಸ್ ಪ್ರಿವೆನ್ಷನ್). ಅನುಮಾನ ಬರಲು ಬಿಡುವುದು, ಆದರೆ ಅದು ಹೇಳಿದ ಕೆಲಸ ಮಾಡದೇ ಇರುವುದು. ಹೇಳಲು ಒಂದು ಸಾಲು. ನನಗೆ ಕೊಟ್ಟ ಮೊದಲ ಹೋಂವರ್ಕ್, ನಲ್ಲಿ ಬಿಟ್ಟು ಒಂದು ಲೀಟರ್ ಬಾಟಲಿ ನೀರಿನಲ್ಲಿ ವುಝೂ ಮುಗಿಸುವುದು. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಅಂತ ಬುಖಾರಿ, ಮುಸ್ಲಿಂ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಮುದ್ದ್ ಅಂದರೆ ಎರಡು ಕೈ ಸೇರಿಸಿದ ಒಂದು ಬೊಗಸೆ ತುಂಬುವಷ್ಟು, ಒಂದು ಲೀಟರಿಗಿಂತ ಕಡಿಮೆಯೇ. ಅವರಿಗಿಂತ ಜಾಸ್ತಿ ನೀರು ನನಗೆ ಕೊಟ್ಟಿದ್ದಾರಲ್ಲ, ಏನು ಕಷ್ಟ ಅಂದುಕೊಂಡೆ.

ಮೊದಲ ದಿನ ಬಾಟಲಿ ಬಲಗಾಲಿನ ಹತ್ತಿರವೇ ಖಾಲಿ. ಎಡಗಾಲಿಗೆ ನೀರಿಲ್ಲ! ಒಣಗಿದ ಎಡಗಾಲನ್ನು ನೋಡುತ್ತಾ ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು. ಮತ್ತೆ ಮೊದಲಿಂದ ಮಾಡು ಅಂತ ಒಳಗಿಂದ ಕೂಗು. ಕಾಲು ಲೋಟ ನೀರು ತಂದು ಆ ಕಾಲಿಗೆ ಸುರಿದು ಎದ್ದೆ. ಬೆನ್ನು ಬೆವೆತಿತ್ತು. ಹೀಗೆ ಎದ್ದು ಬಂದ ಮೇಲೆ ಆ ಚಡಪಡಿಕೆ ಎಷ್ಟು ಹೊತ್ತು ಇರುತ್ತೆ ಅಂತ ಬರೆದಿಡಲು ಹೇಳಿದ್ದರು. ಮೊದಲ ದಿನ 50 ನಿಮಿಷ. ಎರಡನೇ ವಾರ 20. ನಾಲ್ಕನೇ ವಾರ ಒಂದು ದಿನ ಬರೆಯುವುದೇ ಮರೆತುಹೋಯಿತು. ಮೇಡಂ ಆ ಖಾಲಿ ಜಾಗಕ್ಕೆ ಸುತ್ತು ಹಾಕಿ, “ಇದೇ ನನಗೆ ಬೇಕಾದದ್ದು” ಅಂದರು. ನನಗೆ ಮಾತ್ರ ಕಾಲಂ ಖಾಲಿ ಬಿಟ್ಟದ್ದಕ್ಕೆ ನಾಚಿಕೆ.

ಈ ನಾಚಿಕೆಯೇ ನಾನು ಎಣಿಸದೇ ಇದ್ದ ತೊಡಕು. ಚಿಕಿತ್ಸೆಯನ್ನೂ ಪರ್ಫೆಕ್ಟ್ ಆಗಿ ಮಾಡಲು ಹೊರಟಿದ್ದೆ. ನೋಟ್‌ಬುಕ್ಕಿಗೆ ಸ್ಕೇಲ್ ಇಟ್ಟು ಗೆರೆ, ಎರಡು ಬಣ್ಣದ ಪೆನ್ನು. ಒಂದು ವಾರದ ಪುಟವನ್ನು ಅಕ್ಷರ ಚೆನ್ನಾಗಿಲ್ಲ ಅಂತ ಹೊಸದಾಗಿ ನಕಲು ಮಾಡಿದ್ದೆ. ಅದನ್ನು ನೋಡಿ ಮೇಡಂ ಪೆನ್ಸಿಲ್ ತುಂಡೊಂದನ್ನು ಕೊಟ್ಟು, ಇನ್ನು ಇದರಲ್ಲೇ ಬರೆಯಿರಿ, ರಬ್ಬರ್ ಇಲ್ಲ ಅಂದರು. ಉಸ್ತಾದರ ಚೀಟಿಯದೂ ಅದೇ ಪಾಡು. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡು, ದಿನಕ್ಕೆ 30 ಸಲ ತೆಗೆದು ಓದುತ್ತಿದ್ದೆ. ಧೈರ್ಯಕ್ಕೆ ಕೊಟ್ಟದ್ದು ಚಟ ಆಗಿತ್ತು. ಐದನೇ ವಾರ ಫೋಟೋ ಅಳಿಸಿಹಾಕಿಸಿದರು, ಅಸಲು ಚೀಟಿಯನ್ನು ಅವರೇ ಇಟ್ಟುಕೊಂಡರು.

ಮನೆಯವರಿಗೂ ಹೋಂವರ್ಕ್ ಇತ್ತು. ನಾನು “ಸರಿಯಾಯ್ತಾ?” ಅಂತ ಕೇಳಿದರೆ “ಆಯ್ತು” ಅನ್ನಬಾರದು. “ಗೊತ್ತಿಲ್ಲ” ಅನ್ನಬೇಕು. ನಮ್ಮವರಿಗೆ ಇದು ನನಗಿಂತ ಕಷ್ಟವಾಯಿತು. ಹತ್ತು ವರ್ಷದಿಂದ “ಆಯ್ತು, ಚೆನ್ನಾಗಾಯ್ತು” ಅಂದು ನನ್ನನ್ನು ಸಮಾಧಾನ ಮಾಡಿದವರು. ಮೊದಲ ಸಲ “ಗೊತ್ತಿಲ್ಲ” ಅಂದು ಮುಖ ಆ ಕಡೆ ತಿರುಗಿಸಿಕೊಂಡರು. ಆ ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ.

ಏಳನೇ ವಾರದ್ದು ನಗು ಬರುವಂಥದ್ದು. ಬೇಕಂತಲೇ ಒಂದು ಅಕ್ಷರತಪ್ಪು ಇರುವ ಮೆಸೇಜ್ ಕಳಿಸಬೇಕು. ನಾನು ಕೇಳಿದೆ, ಗೊತ್ತಿದ್ದೂ ತಪ್ಪು ಮಾಡುವುದು ಅಮಾನತ್‌ಗೆ (ನಂಬಿ ವಹಿಸಿದ ಹೊಣೆಗೆ) ದ್ರೋಹ ಅಲ್ವಾ? ಮೇಡಂ, ನಿಮ್ಮ ಉಸ್ತಾದರನ್ನೇ ಕೇಳಿ ಅಂದರು. ಉಸ್ತಾದರು ಜೋರಾಗಿ ನಕ್ಕು, “ನನಗೇ ಕಳಿಸು” ಅಂದರು. ‘ಉಸ್ತಾದರೇ’ ಅನ್ನುವ ಕಡೆ ದೀರ್ಘ ಬಿಟ್ಟು ‘ಉಸ್ತದರೇ’ ಅಂತ ಬರೆದು, ಕಣ್ಣು ಮುಚ್ಚಿ ಕಳಿಸಿದೆ. ಬಂದ ಉತ್ತರದಲ್ಲಿ ಮೂರು ತಪ್ಪಿದ್ದವು. ಅವರದು ಬೇಕಂತ ಮಾಡಿದ್ದಲ್ಲ, ಮಂಜುಗಣ್ಣಿನದು. ಆ ಮೆಸೇಜನ್ನು ತಿದ್ದದೆ ಹಾಗೇ ಇಟ್ಟುಕೊಂಡಿದ್ದೇನೆ.

ಅಷ್ಟೊತ್ತಿಗೆ ರಂಝಾನ್ ಬಂತು. ಗುಣವಾಯಿತು ಅಂದುಕೊಂಡಿದ್ದೆ. ಆ ಹುಮ್ಮಸ್ಸಿನಲ್ಲಿ ಒಂದು ಟೈಂಟೇಬಲ್ ಹಾಕಿದೆ. ದಿನಕ್ಕೊಂದು ಜುಝ್ಅ್ (ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು) ಓದು, ತರಾವೀಹ್ (ರಂಝಾನಿನ ರಾತ್ರಿ ನಮಾಝ್) ಪೂರ್ತಿ, ಕೊನೆಯ ಹತ್ತು ರಾತ್ರಿ ನಿದ್ದೆಯೇ ಇಲ್ಲ. ಆರನೇ ದಿನ ಜ್ವರ ಬಂದು ಒಂದು ಜುಝ್ಅ್ ತಪ್ಪಿತು. ತಪ್ಪಿದ್ದು ಒಂದೇ. ಆದರೆ ‘ಹೇಗೂ ಕೆಟ್ಟಿತಲ್ಲ’ ಅಂತ ನಾಲ್ಕು ದಿನ ಕುರ್‌ಆನ್ ಮುಟ್ಟಲಿಲ್ಲ. ಪೂರ್ತಿ ಇಲ್ಲದಿದ್ದರೆ ಏನೂ ಬೇಡ. ಬಾಯಿ ಮುಕ್ಕಳಿಸಿದ ನೀರು ಗಂಟಲಿಗೆ ಹೋಯಿತೇನೋ ಎಂಬ ಹೊಸ ಅನುಮಾನವೂ ಸೇರಿಕೊಂಡು ವುಝೂ ಮತ್ತೆ 25 ನಿಮಿಷಕ್ಕೆ ಏರಿತು. ಇಷ್ಟು ವಾರ, ಇಷ್ಟು ದುಡ್ಡು ನೀರಲ್ಲಿ ಹೋಯಿತು ಅನಿಸಿತು. ನೀವು ಈ ಜಾಗಕ್ಕೆ ಬಂದರೆ ಹೆದರಬೇಡಿ, ಬರುತ್ತೀರಿ. ಮೇಡಂಗೆ ಇದು ಸುದ್ದಿಯೇ ಅಲ್ಲ. “ಒಂಬತ್ತು ಹತ್ತನೇ ವಾರದಲ್ಲಿ ಒಮ್ಮೆ ಎಲ್ಲರೂ ಜಾರುತ್ತಾರೆ” ಅಂದು ಬಾಟಲಿಗೆ ವಾಪಸ್ ಹೋಗಲು ಹೇಳಿದರು.

ಉಸ್ತಾದರ ಹತ್ತಿರ ಹೋಗಿ ಅತ್ತೆ. ಇಹ್ಸಾನ್ ನನ್ನಿಂದ ಆಗಲ್ಲ ಅಂದೆ. ಗೋಡೆಯ ಚೀಟಿಯ ಮಾತು ಬಂತು.

“ಆ ಹದೀಸ್ ಪೂರ್ತಿ ಹೇಳು ನೋಡೋಣ.”

ನನಗೆ ಪೂರ್ತಿ ಬರುತ್ತಿರಲಿಲ್ಲ. ಅವರು ಸಹೀಹ್ ಮುಸ್ಲಿಂ ತೆಗೆಸಿ ಓದಿಸಿದರು. ಶದ್ದಾದ್ ಇಬ್ನ್ ಔಸ್(ರ) ಹೇಳಿದ ಹದೀಸ್ ಅದು. ಅಲ್ಲಾಹನು ಪ್ರತಿಯೊಂದರಲ್ಲೂ ಇಹ್ಸಾನ್ ವಿಧಿಸಿದ್ದಾನೆ ಅಂದ ಮೇಲೆ ಮಾತು ನೇರ ಝಬಹ್‌ಗೆ ಹೋಗುತ್ತದೆ. ಪ್ರಾಣಿಯನ್ನು ಕೊಯ್ಯುವಾಗ ಒಳ್ಳೆಯ ರೀತಿಯಲ್ಲಿ ಕೊಯ್ಯಿರಿ, ಕತ್ತಿಯನ್ನು ಹರಿತ ಮಾಡಿಕೊಳ್ಳಿ, ಆ ಪ್ರಾಣಿಗೆ ಆರಾಮ ಕೊಡಿ.

ಕರಡು ತಿದ್ದುವವಳು ನಾನು, ಇಷ್ಟು ವರ್ಷ ಮೊದಲ ವಾಕ್ಯಕ್ಕೇ ಓದು ನಿಲ್ಲಿಸಿದ್ದೆ. ಇಹ್ಸಾನ್‌ಗೆ ಅಲ್ಲಿ ಕೊಟ್ಟಿರುವ ಉದಾಹರಣೆ ತಪ್ಪಿಲ್ಲದ ಕೆಲಸದ್ದಲ್ಲ, ನೋವು ಕಡಿಮೆ ಮಾಡುವುದರದ್ದು. ಸಾಯಲಿರುವ ಪ್ರಾಣಿಗೂ ಒಂದು ಕ್ಷಣ ಜಾಸ್ತಿ ಹಿಂಸೆ ಆಗಬಾರದು ಅನ್ನುವ ಮಾತನ್ನು ಗೋಡೆಗೆ ಅಂಟಿಸಿಕೊಂಡು, ನಾನು ಮೊಂಡು ಕತ್ತಿಯಲ್ಲಿ ನನ್ನನ್ನೇ ಕುಯ್ದುಕೊಳ್ಳುತ್ತಿದ್ದೆ. ನನ್ನ ಜೊತೆಗೆ ನಮ್ಮವರನ್ನೂ.

ಉಸ್ತಾದರು ಅಲ್ಲಿಗೇ ಬಿಡಲಿಲ್ಲ. ದೇವದೂತ ಜಿಬ್ರೀಲ್(ಅ) ಬಂದು ಇಸ್ಲಾಂ ಏನು, ಈಮಾನ್ ಏನು, ಇಹ್ಸಾನ್ ಏನು ಅಂತ ಪ್ರವಾದಿಯವರನ್ನು(ಸ) ಕೇಳಿದ ಹದೀಸ್ ನನಗೆ ಬಾಯಿಪಾಠ ಇತ್ತು. ‘ಅಲ್ಲಾಹನನ್ನು ನೋಡುತ್ತಿರುವಂತೆ ಆರಾಧಿಸು, ನೀನು ಅವನನ್ನು ನೋಡದಿದ್ದರೂ ಅವನು ನಿನ್ನನ್ನು ನೋಡುತ್ತಿದ್ದಾನೆ.’ ಇದನ್ನು ಕೇಳಿದಾಗಲೆಲ್ಲ ನನಗೆ ಪರೀಕ್ಷೆ ಹಾಲಿನಲ್ಲಿ ಬೆನ್ನ ಹಿಂದೆ ಬಂದು ನಿಲ್ಲುವ ಮೇಲ್ವಿಚಾರಕರ ನೆನಪು. ಅದನ್ನೇ ಹೇಳಿದೆ.

“ವುಝೂ ಮಾಡುವಾಗ ನೀನು ನೋಡೋದು ಯಾರನ್ನು? ನಿನ್ನ ಹಿಮ್ಮಡೀನ. ನೋಡ್ತಾ ಇರೋನು ಅವನು ಅಂತ ಹದೀಸ್ ಹೇಳುತ್ತೆ. ಆ ಕೆಲಸ ಅವನಿಗೆ ಬಿಡು.”

ಆ ಕೆಲಸ ಅವನಿಗೆ ಬಿಡು. ಈ ಮಾತು ಒಳಗೆ ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಆದರೆ ಆ ದಿನದಿಂದ ಬಾಟಲಿ ಬರೀ ಹೋಂವರ್ಕ್ ಆಗಿ ಉಳಿಯಲಿಲ್ಲ. ಕಾಲು ತೊಳೆದು, ನೋಡದೆ ಎದ್ದು ಬರುವುದೇ ನನ್ನ ಇಬಾದತ್ ಆಯಿತು. ಮೇಡಂ ಹೇಳಿದ್ದೂ ಉಸ್ತಾದರು ಹೇಳಿದ್ದೂ ಆ ಒಂದು ಹೆಜ್ಜೆಯಲ್ಲಿ ಒಂದೇ ಆಗಿತ್ತು. ಬಿಡಬೇಕು. ಬಿಟ್ಟ ಮೇಲೆ ಬರುವ ನಡುಕವನ್ನು ತಡೆದುಕೊಳ್ಳಬೇಕು. ತವಕ್ಕುಲ್ (ಅಲ್ಲಾಹನ ಮೇಲೆ ಭಾರ ಹಾಕುವುದು) ಅಂದರೆ ಮನಸ್ಸು ತಣ್ಣಗಿರುವುದು ಅಂದುಕೊಂಡಿದ್ದೆ. ನನಗಂತೂ ಅದು ಕೈ ನಡುಗುತ್ತಲೇ ಬಂತು.

ರಂಝಾನಿನ ಉಳಿದ ದಿನಕ್ಕೆ ಟೈಂಟೇಬಲ್ ಹರಿದುಹಾಕಿ, ದಿನಕ್ಕೆ ಒಂದು ಪುಟ, ರಾತ್ರಿ ಎರಡು ರಕಅತ್ ಅಂತ ಇಟ್ಟುಕೊಂಡೆ. ‘ಅಲ್ಲಾಹನಿಗೆ ಹೆಚ್ಚು ಇಷ್ಟವಾದ ಕೆಲಸ, ಕಡಿಮೆಯಾದರೂ ಸರಿ, ನಿರಂತರ ಮಾಡುವಂಥದ್ದು’ ಎಂದು ಪ್ರವಾದಿಯವರ(ಸ) ಪತ್ನಿ ಆಯಿಷಾ(ರ) ವರದಿ ಮಾಡಿದ ಹದೀಸ್ ಎಲ್ಲರಿಗೂ ಗೊತ್ತು. ಅದನ್ನು ಪಾಲಿಸಲು ಎಷ್ಟು ಸೊಕ್ಕು ಇಳಿಯಬೇಕು ಅಂತ ಗೊತ್ತಿರಲಿಲ್ಲ. ಒಂದು ಪುಟವಾ? ನನ್ನಂಥವಳು ಒಂದು ಪುಟವಾ? ಈದ್ ದಿನದವರೆಗೂ ಆ ಒಂದು ಪುಟ ತಪ್ಪಲಿಲ್ಲ. ದ್ವಾದ್ ಇನ್ನೂ ಸರಿಯಾಗಿ ಬರಲ್ಲ. ಕಷ್ಟಪಟ್ಟು ತಡವರಿಸಿ ಓದುವವರಿಗೆ ಎರಡು ಪ್ರತಿಫಲ ಅಂತ ಇದೆಯಲ್ಲ, ಎರಡನೆಯದು ನನಗಿರಲಿ.

ಇನ್ನು ನಮ್ಮ ಅತ್ತೆಯ ವಿಷಯ. ಮಂಡಿನೋವು, ಕುರ್ಚಿ ಮೇಲೆ ಕೂತು ನಮಾಝ್ ಮಾಡುತ್ತಾರೆ. 15ನೇ ವಾರ ಇರಬೇಕು, ಒಂದು ಅಸರ್‌ನಲ್ಲಿ (ಸಂಜೆಗೆ ಮುಂಚಿನ, ನಾಲ್ಕು ರಕಅತ್ ನಮಾಝಿನಲ್ಲಿ) ಅವರು ಕೊನೆಗೆ ಎರಡು ಸಜ್ದಾ (ಸಾಷ್ಟಾಂಗ ನಮನ) ಜಾಸ್ತಿ ಮಾಡಿದ್ದನ್ನು ನೋಡಿದೆ. ಸಲಾಂ ಆದ ಮೇಲೆ ಕೇಳಿದೆ.

“ಮೂರೋ ನಾಲ್ಕೋ ಮರ್ತೋಯ್ತು. ಅದಕ್ಕೇ ಅಲ್ವಾ ಸಜ್ದಾ ಸಹ್ವ್ ಇರೋದು. ನನ್ನ ಕನ್ನಡಕ ಎಲ್ಲಿಟ್ಟೆ ನೋಡು.”

ಇಷ್ಟೇ. ಕನ್ನಡಕ ಹುಡುಕಲು ಹೋದರು. ನಾನು ಚಾಪೆಯ ಅಂಚು ಹಿಡಿದುಕೊಂಡು ಅಲ್ಲೇ ನಿಂತೆ. ನಮಾಝಿನಲ್ಲಿ ಮರೆತದ್ದಕ್ಕೆ ಮಾಡುವ ಸಜ್ದಾ ಸಹ್ವ್ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ದಂಡ ಅಂತ ತಿಳಿದಿದ್ದೆ, ಅಂಗಿಯ ಜೊತೆಗೇ ಕೊಟ್ಟ ಸೂಜಿ ದಾರ ಅಂತ ತಿಳಿದಿರಲಿಲ್ಲ. ಹರಿಯುತ್ತದೆ ಅಂತ ಗೊತ್ತಿದ್ದೇ ಕೊಟ್ಟದ್ದು. ಪ್ರವಾದಿಯವರೇ(ಸ) ಒಮ್ಮೆ ನಾಲ್ಕರ ಬದಲು ಎರಡಕ್ಕೆ ಸಲಾಂ ಕೊಟ್ಟಿದ್ದರು. ದುಲ್‌ಯದೈನ್ ಎಂಬವರು, ನಮಾಝ್ ಕಡಿಮೆ ಮಾಡಲಾಯಿತೋ ಅಥವಾ ನೀವು ಮರೆತಿರೋ ಅಂತ ಕೇಳಿದರು. ಪ್ರವಾದಿಯವರು(ಸ) ಉಳಿದದ್ದನ್ನು ಮಾಡಿ, ಎರಡು ಸಜ್ದಾ ಮಾಡಿದರು. ಮತ್ತೊಮ್ಮೆ, ‘ನಾನೂ ಮನುಷ್ಯನೇ, ನೀವು ಮರೆಯುವಂತೆ ನಾನೂ ಮರೆಯುತ್ತೇನೆ, ಮರೆತರೆ ನೆನಪಿಸಿ’ ಅಂದರು. ಮೂರೋ ನಾಲ್ಕೋ ಗೊತ್ತಾಗದವರು ಮೂರು ಅಂತ ಹಿಡಿದು ಮುಗಿಸಿ ಎರಡು ಸಜ್ದಾ ಮಾಡಲಿ, ಅಕಸ್ಮಾತ್ ಐದಾಗಿದ್ದರೆ ಆ ಸಜ್ದಾಗಳು ಅದನ್ನು ಸಮಸಂಖ್ಯೆ ಮಾಡುತ್ತವೆ, ನಾಲ್ಕೇ ಆಗಿದ್ದರೆ ಸೈತಾನನಿಗೆ ಅವಮಾನ ಅಂತಲೂ ಇದೆ. ಐದಾಗಿದ್ದರೆ ಏನು ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು!

ಕೊನೆಯ ಸೆಷನ್‌ನಲ್ಲಿ ಮತ್ತೆ ಅದೇ ಫಾರಂ. 11. ಸೊನ್ನೆ ಅಲ್ಲ. ವುಝೂಗೆ ಈಗ ಮೂರು ನಾಲ್ಕು ನಿಮಿಷ. ಬೀಗ ಒಮ್ಮೆ ಎಳೆದು ನೋಡಿ ಹೋಗುತ್ತೇನೆ, ಕೆಲವು ದಿನ ಎರಡು ಸಲ. ಮಾತ್ರೆ ಇನ್ನೂ ಕೆಲವು ತಿಂಗಳು ಇದೆ. ಕೆಲಸದಲ್ಲಿ ಪುಟಕ್ಕೆ ಎರಡು ಓದು ಅಂತ ನಿಯಮ ಮಾಡಿಕೊಂಡಿದ್ದೇನೆ. ಮೊನ್ನೆ ಅಚ್ಚಾಗಿ ಬಂದ ಪುಸ್ತಕದಲ್ಲಿ ಒಂದು ಒತ್ತು ತಪ್ಪಿದ್ದು ಕಂಡಿತು. ಆ ರಾತ್ರಿ ನಿದ್ದೆ ಸರಿ ಬರಲಿಲ್ಲ, ಸುಳ್ಳು ಹೇಳಲ್ಲ.

ನಿನ್ನೆ ಇಶಾ ಮಾಡುತ್ತಿದ್ದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಸದ್ದು ಬರುತ್ತಿತ್ತು, ಅದನ್ನು ರಿಪೇರಿ ಮಾಡಿಸಬೇಕು ಅಂತ ಯೋಚಿಸುತ್ತಾ ಮೂರನೆಯದೋ ನಾಲ್ಕನೆಯದೋ ನಿಜವಾಗಿಯೂ ಮರೆತುಹೋಯಿತು. ವಸ್‌ವಾಸ್ ಅಲ್ಲ, ಬರೀ ಮರೆವು. ಎರಡಕ್ಕೂ ಇರುವ ವ್ಯತ್ಯಾಸ ಈಗ ಗೊತ್ತಾಗುತ್ತದೆ. ಮರೆವಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ಮೂರು ಅಂತ ಹಿಡಿದು ಇನ್ನೊಂದು ಮಾಡಿದೆ, ಎರಡು ಸಜ್ದಾ ಮಾಡಿ ಸಲಾಂ ಕೊಟ್ಟೆ. ಮೂರು ಸಲ ಅಸ್ತಗ್‌ಫಿರುಲ್ಲಾಹ್ ಹೇಳಿ ಚಾಪೆ ಮಡಚುತ್ತಿದ್ದೆ. ಅತ್ತೆ ಕುರ್ಚಿಯಿಂದಲೇ ನೋಡುತ್ತಿದ್ದರು.

“ಐದು ಮಾಡಿದೆಯೇನೇ?”

“ಇರಬಹುದು ಅತ್ತೆ” ಅಂದು ನಲ್ಲಿ ಬಿಗಿ ಮಾಡಲು ಹೋದೆ.